ಏಳನೇ ಸೆಮಿಸ್ಟರ್‌ಗೆ ಯಾವ ಕೋರ್ಸ್? ಗಣಿತ ಪಿಎಚ್‌ಡಿಗೆ ಅರ್ಜಿ ಹಾಕಿದ ಒಬ್ಬ ಹುಡುಗಿಯ ಪ್ರಕರಣ

2023ರ ಜುಲೈ ಕೊನೆ. ಬೆಂಗಳೂರಿನಲ್ಲಿ ನಾಲ್ಕು ವರ್ಷದ ಗಣಿತ ಪದವಿ ಓದುತ್ತಿದ್ದ ಒಬ್ಬ ಹುಡುಗಿ ಮೂರು ವರ್ಷ ಮುಗಿಸಿದ್ದಳು. ಡಿಸೆಂಬರ್‌ನಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಪಿಎಚ್‌ಡಿ ಅರ್ಜಿ ಹಾಕುವವಳಿದ್ದಳು. ಏಳನೇ ಸೆಮಿಸ್ಟರ್‌ಗೆ ಕೋರ್ಸ್ ಆರಿಸಿಕೊಳ್ಳಬೇಕು. ಅವಳ ಮುಂದೆ ಎರಡು ದಾರಿ ಇತ್ತು. ಒಂದು, ಪಿಎಚ್‌ಡಿ ವಿದ್ಯಾರ್ಥಿಗಳಿಗೆಂದೇ ನಡೆಸುವ ಆಲ್ಜೀಬ್ರೈಕ್ ಜಿಯಾಮೆಟ್ರಿ (ಬಹುಪದ ಸಮೀಕರಣಗಳ ಜ್ಯಾಮಿತಿ). ಇನ್ನೊಂದು, ಕಾಂಪ್ಲೆಕ್ಸ್ ಅನಾಲಿಸಿಸ್‌ನ ಎರಡನೇ ಕೋರ್ಸ್, ಜೊತೆಗೆ ಕಮ್ಯುಟೇಟಿವ್ ಆಲ್ಜೀಬ್ರಾದಲ್ಲಿ ಒಬ್ಬ ಪ್ರೊಫೆಸರ್ ಹತ್ತಿರ ರೀಡಿಂಗ್ ಕೋರ್ಸ್.

ಸೀನಿಯರ್‌ಗಳು ಹೇಳಿದ್ದು ಒಂದೇ ಮಾತು: ಅರ್ಜಿಯಲ್ಲಿ ಗ್ರಾಜುಯೇಟ್ (ಪದವಿಯ ಮೇಲಿನ, ಪಿಎಚ್‌ಡಿಯವರ) ಮಟ್ಟದ ಕೋರ್ಸ್ ಜಾಸ್ತಿ ಇದ್ದಷ್ಟೂ ಒಳ್ಳೇದು. ಅವಳ ಅಪ್ಪ ನನಗೆ ಫೋನ್ ಮಾಡಿ ಕೇಳಿದ್ದೂ ಅದನ್ನೇ. "ಮೇಷ್ಟ್ರೇ, ಪಿಎಚ್‌ಡಿಯವರ ಕ್ಲಾಸಿನಲ್ಲೇ ಕೂತು ಓದಿದ್ದಾಳೆ ಅಂದ್ರೆ ಸೀಟು ಕೊಡದೇ ಇರ್ತಾರಾ?" ಪಿಯುಸಿಯಲ್ಲಿ ಅವಳಿಗೆ ಗಣಿತ ಹೇಳಿಕೊಟ್ಟವನು ನಾನು. ಈ ಪ್ರಕರಣ ನನಗೆ ಹತ್ತಿರದಿಂದ ಗೊತ್ತಾದದ್ದು ಹಾಗೆ. ಬರೆಯಲು ಅವಳು ಒಪ್ಪಿದ್ದಾಳೆ. ಗುರುತು ಸಿಗಬಾರದೆಂದು ಹೆಸರು, ಸಂಸ್ಥೆ, ಸೇರಿದ ವಿಶ್ವವಿದ್ಯಾಲಯ ಎಲ್ಲವನ್ನೂ ಬಿಟ್ಟಿದ್ದೇನೆ.

ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಅಂಕಪಟ್ಟಿಯಲ್ಲಿ) ಏನಿತ್ತು

ಅವಳದು 2020ರ ಬ್ಯಾಚ್. ಮೊದಲ ವರ್ಷ ಪೂರ್ತಿ ಆನ್‌ಲೈನ್. ಪರೀಕ್ಷೆ ಮನೆಯಲ್ಲಿ, ಪುಸ್ತಕ ಪಕ್ಕದಲ್ಲಿ. ಲೀನಿಯರ್ ಆಲ್ಜೀಬ್ರಾದಲ್ಲೂ ಮೊದಲ ರಿಯಲ್ ಅನಾಲಿಸಿಸ್‌ನಲ್ಲೂ ಅವಳಿಗೆ ಹತ್ತಕ್ಕೆ ಹತ್ತು. ತೊಂದರೆ ಏನೆಂದರೆ, ಅವಳ ಬ್ಯಾಚಿನಲ್ಲಿ ಬಹಳ ಮಂದಿಗೆ ಹತ್ತಕ್ಕೆ ಹತ್ತೇ ಬಂದಿತ್ತು. ಆ ವರ್ಷದ ಅಂಕಗಳನ್ನು ಎಲ್ಲ ದೇಶದವರೂ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ.

ಎರಡನೇ ವರ್ಷ ಗ್ರೂಪ್ಸ್ ಮತ್ತು ರಿಂಗ್ಸ್‌ನಲ್ಲಿ ಒಂಬತ್ತು, ಟೋಪಾಲಜಿಯಲ್ಲಿ ಒಂಬತ್ತು, ಕಾಂಪ್ಲೆಕ್ಸ್ ಅನಾಲಿಸಿಸ್‌ನಲ್ಲಿ ಏಳು. ಆ ಸೆಮಿಸ್ಟರ್ ಅವಳು ಒಟ್ಟಿಗೆ ಆರು ಕೋರ್ಸ್ ಹಾಕಿಕೊಂಡಿದ್ದಳು. ಏಳು ಬಂದದ್ದಕ್ಕೆ ಬೇರೆ ಕಾರಣ ಹುಡುಕುವುದು ಬೇಡ. ಐದನೇ ಸೆಮಿಸ್ಟರ್‌ನಲ್ಲಿ ಪಿಎಚ್‌ಡಿಯವರ ಜೊತೆ ಮೆಷರ್ ಥಿಯರಿ, ಅದರಲ್ಲಿ ಹತ್ತು. ಆರನೆಯದರಲ್ಲಿ ಆಲ್ಜೀಬ್ರೈಕ್ ಟೋಪಾಲಜಿ ಎಂಟು, ಫಂಕ್ಷನಲ್ ಅನಾಲಿಸಿಸ್ ಒಂಬತ್ತು.

ಒಳ್ಳೆಯ ಪಟ್ಟಿಯೇ. ಆದರೆ ಅಮೆರಿಕದ ದೊಡ್ಡ ಗಣಿತ ವಿಭಾಗಗಳಲ್ಲಿ ಮೊದಲ ವರ್ಷದ ಪಿಎಚ್‌ಡಿ ವಿದ್ಯಾರ್ಥಿಗಳು ಓದುವುದು ಏನು ಅಂತ ಮೊದಲು ನೋಡಬೇಕು. ಸಾಮಾನ್ಯವಾಗಿ ಮೆಷರ್ ಥಿಯರಿ ಸೇರಿದ ರಿಯಲ್ ಅನಾಲಿಸಿಸ್, ಗ್ಯಾಲ್ವಾ ಥಿಯರಿವರೆಗಿನ ಆಲ್ಜೀಬ್ರಾ, ಕಾಂಪ್ಲೆಕ್ಸ್ ಅನಾಲಿಸಿಸ್, ಟೋಪಾಲಜಿ. ಪಿಎಚ್‌ಡಿಯಲ್ಲಿ ಮುಂದುವರಿಯಲು ಪಾಸಾಗಬೇಕಾದ ಕ್ವಾಲಿಫೈಯಿಂಗ್ ಪರೀಕ್ಷೆ (ಕ್ವಾಲ್) ಇರುವುದೂ ಹೆಚ್ಚಾಗಿ ಇದರ ಮೇಲೆಯೇ. ಹಾರ್ವರ್ಡ್‌ನಂಥ ಕಡೆ ಕ್ವಾಲ್‌ನಲ್ಲಿ ಆಲ್ಜೀಬ್ರೈಕ್ ಜಿಯಾಮೆಟ್ರಿಯೂ ಇದೆ, ಡಿಫರೆನ್ಷಿಯಲ್ ಜಿಯಾಮೆಟ್ರಿಯೂ ಇದೆ. ಅಂಥವು ಕಡಿಮೆ. ಸ್ಕೀಮ್‌ಗಳ (ಆಧುನಿಕ, ಕಠಿಣ ಭಾಷೆಯ) ಮಟ್ಟದ ಆಲ್ಜೀಬ್ರೈಕ್ ಜಿಯಾಮೆಟ್ರಿ ಬಹಳ ಕಡೆ ಎರಡನೇ ವರ್ಷದ ಮಾತು.

ಅರ್ಜಿ ಓದುವ ಸಮಿತಿಗೆ ತಿಳಿಯಬೇಕಾದದ್ದು ಇಷ್ಟು: ಈ ವಿದ್ಯಾರ್ಥಿ ಮೊದಲ ವರ್ಷ ದಾಟುತ್ತಾಳಾ? ಆಮೇಲೆ ಸಂಶೋಧನೆ ಮಾಡುತ್ತಾಳಾ? ಎರಡನೇ ವರ್ಷದ ಕೋರ್ಸನ್ನು ಈಗಲೇ ಮುಗಿಸಿದ್ದಾಳೆ ಎನ್ನುವುದು ಈ ಎರಡಕ್ಕೂ ನೇರ ಉತ್ತರ ಕೊಡುವುದಿಲ್ಲ. ಕಾಂಪ್ಲೆಕ್ಸ್ ಅನಾಲಿಸಿಸ್‌ನ ಆ ಏಳು ಮಾತ್ರ ಮೊದಲ ಪ್ರಶ್ನೆಗೆ ಬೇಡದ ಉತ್ತರ ಕೊಡುತ್ತದೆ.

ಕ್ಯಾಲೆಂಡರ್ ನೋಡದೆ ಕೋರ್ಸ್ ಆರಿಸುವುದು

ಯಾರೂ ಅವಳಿಗೆ ಹೇಳದ ವಿಷಯ ಇದು. ನನ್ನ ಲೆಕ್ಕದಲ್ಲಿ ಈ ಪ್ರಕರಣದ ಅರ್ಧ ಇದೇ.

ಅಮೆರಿಕದ ಗಣಿತ ಪಿಎಚ್‌ಡಿಗಳ ಕೊನೆಯ ದಿನ ಹೆಚ್ಚಾಗಿ ಡಿಸೆಂಬರ್ 1ರಿಂದ 15ರ ಒಳಗೆ ಬರುತ್ತದೆ. ನಮ್ಮಲ್ಲಿ ಆಗಸ್ಟ್‌ನಲ್ಲಿ ಶುರುವಾದ ಸೆಮಿಸ್ಟರ್ ಮುಗಿಯುವುದು ನವೆಂಬರ್ ಕೊನೆಗೆ. ಪರೀಕ್ಷೆ ಆಗಿ, ಪೇಪರ್ ತಿದ್ದಿ, ಗ್ರೇಡ್ ಬರುವ ಹೊತ್ತಿಗೆ ಅರ್ಜಿ ಹೋಗಿ ಆಗಿರುತ್ತದೆ. ಅಂದರೆ ಏಳನೇ ಸೆಮಿಸ್ಟರ್‌ನ ಗ್ರೇಡು ಅರ್ಜಿಯಲ್ಲಿ ಇರುವುದೇ ಇಲ್ಲ. ಎಂಟನೆಯದರ ಮಾತಂತೂ ಬೇಡ. ಕೋರ್ಸಿನ ಹೆಸರು 'ಈಗ ಓದುತ್ತಿರುವುದು' ಎಂಬ ಸಾಲಿನಲ್ಲಿ ಬರುತ್ತದೆ, ಅಷ್ಟೇ. ಹೆಸರು ನೋಂದಾಯಿಸಿಕೊಳ್ಳುವುದು ಯಾರು ಬೇಕಾದರೂ ಮಾಡಬಹುದು, ಅಲ್ವಾ? ಸಮಿತಿಯವರಿಗೂ ಅದು ಗೊತ್ತು.

ಹಾಗಾಗಿ ನಾಲ್ಕು ವರ್ಷದ ಪದವಿಯಲ್ಲಿ ಎತ್ತರದ ಕೋರ್ಸ್‌ಗಳು ಲೆಕ್ಕಕ್ಕೆ ಬರುವುದು ಐದು ಮತ್ತು ಆರನೇ ಸೆಮಿಸ್ಟರ್‌ನಲ್ಲಿ. ಅದಕ್ಕೆ ಬೇಕಾದ ತಳಪಾಯ ಮೂರು, ನಾಲ್ಕರಲ್ಲಿ ಆಗಿರಬೇಕು. ಏಳನೇ ಸೆಮಿಸ್ಟರ್‌ನ ಕೋರ್ಸ್ ಅರ್ಜಿಗೆ ಉಪಯೋಗವಾಗುವ ದಾರಿ ಒಂದೇ: ಪಾಠ ಮಾಡುವವರು ಮೂರು ತಿಂಗಳು ನಿಮ್ಮನ್ನು ನೋಡಿ, ಶಿಫಾರಸು ಪತ್ರದಲ್ಲಿ ಏನಾದರೂ ಬರೆದರೆ.

ಇದನ್ನು ಅವಳಿಗೆ ಹೇಳಿದೆ. "ಹಾಗಾದ್ರೆ ಸರ್, ಆಲ್ಜೀಬ್ರೈಕ್ ಜಿಯಾಮೆಟ್ರಿ ಪ್ರೊಫೆಸರ್ ಹತ್ರಾನೇ ಲೆಟರ್ ತಗೋತೀನಿ" ಅಂದಳು. ಲೆಕ್ಕ ತಪ್ಪೇನಲ್ಲ. ಕೋರ್ಸ್ ಹಾಕಿಕೊಂಡಳು.

ಸೆಪ್ಟೆಂಬರ್

ಮಿಡ್‌ಟರ್ಮ್‌ನಲ್ಲಿ ಮೂವತ್ತಕ್ಕೆ ಹನ್ನೊಂದು ಬಂತು.

ಹುಡುಗಿ ದಡ್ಡಿಯಲ್ಲ, ಸೋಮಾರಿಯೂ ಅಲ್ಲ. ಆ ಕೋರ್ಸ್ ಕಮ್ಯುಟೇಟಿವ್ ಆಲ್ಜೀಬ್ರಾ ಗೊತ್ತಿದೆ ಎಂದುಕೊಂಡೇ ಶುರುವಾಗುತ್ತದೆ. ಲೋಕಲೈಸೇಷನ್, ಫ್ಲಾಟ್‌ನೆಸ್, ನೋಯ್ಥೇರಿಯನ್ ರಿಂಗ್‌ಗಳು. ಇವಳು ಇವುಗಳ ವ್ಯಾಖ್ಯೆಗಳನ್ನು ಬೇಸಿಗೆ ರಜೆಯಲ್ಲಿ ಓದಿದ್ದಳು, ಲೆಕ್ಕ ಮಾಡಿರಲಿಲ್ಲ. ಕ್ಲಾಸಿನಲ್ಲಿ ಶೀಫ್ ಎಂಬ ಪರಿಕಲ್ಪನೆ ಬಂದಾಗ ಸಾಲು ಸಾಲಾಗಿ ಪ್ರೂಫ್ ಹಿಂಬಾಲಿಸುತ್ತಿದ್ದಳು. ಒಂದು ಉದಾಹರಣೆ ಕೊಡು ಅಂದರೆ ನಿಂತುಬಿಡುತ್ತಿದ್ದಳು. ಬುನಾದಿ ಒಣಗುವ ಮೊದಲೇ ಮೂರನೇ ಮಹಡಿಗೆ ಇಟ್ಟಿಗೆ ಹೊತ್ತ ಹಾಗಾಗಿತ್ತು.

ಪ್ರೊಫೆಸರ್ ಒಳ್ಳೆಯವರು. ಕರೆದು ನೇರವಾಗಿ ಹೇಳಿದರು: ಪತ್ರ ಕೇಳಿದರೆ ಬರೆದುಕೊಡುತ್ತೇನೆ, ಆದರೆ ಅದರಲ್ಲಿ ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಇಂಥ ಮಾತು ಹೇಳುವ ಮೇಷ್ಟ್ರು ಸಿಗುವುದು ಪುಣ್ಯ. ಬಹಳ ಮಂದಿ ಸುಮ್ನೆ ಒಪ್ಪಿಕೊಂಡು ನಾಲ್ಕು ಸಾಲು ಬರೆದು ಕಳಿಸುತ್ತಾರೆ. 'ನನ್ನ ಕೋರ್ಸ್ ತೆಗೆದುಕೊಂಡಿದ್ದಾಳೆ, ಕ್ಲಾಸಿಗೆ ಸರಿಯಾಗಿ ಬರುತ್ತಾಳೆ, ಒಳ್ಳೆಯ ಗ್ರೇಡು ಬರಬಹುದು.' ಅರ್ಜಿಗೆ ಇದರಿಂದ ಆಗುವ ಹಾನಿ ಯಾರಿಗೂ ಕಾಣುವುದಿಲ್ಲ.

ಕೋರ್ಸ್ ಬಿಡಲು ಇನ್ನೂ ಸಮಯ ಇತ್ತು. ಅವಳು ಅದನ್ನು ಆಡಿಟ್‌ಗೆ ಬದಲಾಯಿಸಿದಳು. ಕ್ರೆಡಿಟ್ ಇಲ್ಲ, ಗ್ರೇಡ್ ಇಲ್ಲ, ಕ್ಲಾಸಿಗೆ ಕೂರಬಹುದು. ಅದರ ಜಾಗಕ್ಕೆ ಕಮ್ಯುಟೇಟಿವ್ ಆಲ್ಜೀಬ್ರಾ ರೀಡಿಂಗ್ ಕೋರ್ಸ್. ಎರಡನೇ ವರ್ಷದಲ್ಲಿ ಗ್ರೂಪ್ಸ್ ಮತ್ತು ರಿಂಗ್ಸ್ ಹೇಳಿಕೊಟ್ಟಿದ್ದ ಪ್ರೊಫೆಸರೇ ಒಪ್ಪಿಕೊಂಡರು. ವಾರಕ್ಕೊಮ್ಮೆ ಬೋರ್ಡಿನ ಮುಂದೆ ನಿಂತು ಅವಳೇ ಹೇಳಬೇಕು. ಒಂದು ಅಧ್ಯಾಯದ ಲೆಕ್ಕಗಳೆಲ್ಲ ಮುಗಿಯದೆ ಮುಂದಕ್ಕೆ ಹೋಗುವ ಹಾಗಿಲ್ಲ. ಕಾಂಪ್ಲೆಕ್ಸ್ ಅನಾಲಿಸಿಸ್ ಎರಡನೇ ಕೋರ್ಸ್‌ಗೆ ಸೇರುವ ದಿನ ಆಗಲೇ ದಾಟಿತ್ತು. ಅದು ಕೈಬಿಟ್ಟು ಹೋಯಿತು.

ಮೂರು ಪತ್ರಗಳು

ಅಮೆರಿಕದ ಅರ್ಜಿಗೆ ಸಾಮಾನ್ಯವಾಗಿ ಮೂರು ಪತ್ರ ಬೇಕು. ಇವಳದರಲ್ಲಿ ಒಂದು ಬೇಸಿಗೆ ಪ್ರಾಜೆಕ್ಟ್ ಗೈಡ್‌ರದು. ಒಂದು ಈ ರೀಡಿಂಗ್ ಕೋರ್ಸಿನ ಪ್ರೊಫೆಸರರದು. ಅವರು ಅವಳನ್ನು ಎರಡು ಬೇರೆ ಬೇರೆ ವರ್ಷ ನೋಡಿದ್ದರು. ಎಲ್ಲಿದ್ದವಳು ಎಲ್ಲಿಗೆ ಬಂದಳು ಎಂದು ಬರೆಯುವ ಅವಕಾಶ ಅವರಿಗಿತ್ತು.

ಮೂರನೆಯದು ಮೆಷರ್ ಥಿಯರಿ ಪ್ರೊಫೆಸರರದು. ಎತ್ತರದ ಕೋರ್ಸ್ ಪ್ರವೇಶಕ್ಕೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆ ಕ್ಲಾಸಿನಲ್ಲಿ ಇವಳೊಬ್ಬಳನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲರೂ ಪಿಎಚ್‌ಡಿ ಮೊದಲ ವರ್ಷದವರು. ಎಗೊರೊವ್ ಪ್ರಮೇಯ (ಪ್ರತಿ ಬಿಂದುವಿನಲ್ಲೂ ಒಂದು ಬೆಲೆಗೆ ಹತ್ತಿರವಾಗುವ ಫಂಕ್ಷನ್‌ಗಳ ಸಾಲು, ಚಿಕ್ಕ ಗಣವೊಂದನ್ನು ಬಿಟ್ಟರೆ ಏಕರೂಪವಾಗಿ ಹತ್ತಿರವಾಗುತ್ತದೆ ಎನ್ನುವುದು) ಪಾಠ ಆದ ದಿನ ಅವಳು ಕೇಳಿದಳಂತೆ: ಒಟ್ಟು ಮೆಷರ್ (ಅಳತೆ) ಸೀಮಿತವಾಗಿರಬೇಕು ಎಂಬ ಷರತ್ತು ನಿಜವಾಗಿ ಬೇಕಾ? ಪ್ರೊಫೆಸರ್ ಉತ್ತರ ಹೇಳಲಿಲ್ಲ, ನೀನೇ ನೋಡು ಅಂದರು. ಮುಂದಿನ ಕ್ಲಾಸಿಗೆ ಉದಾಹರಣೆ ತಂದಳು. ಸಂಖ್ಯಾರೇಖೆಯ ಮೇಲೆ ಒಂದು ಅಗಲದ, ಒಂದು ಎತ್ತರದ ಪೆಟ್ಟಿಗೆಯನ್ನು ಇಡಿ. ಪ್ರತಿ ಹೆಜ್ಜೆಗೂ ಅದನ್ನು ಬಲಕ್ಕೆ ಒಂದೊಂದು ಮನೆ ತಳ್ಳುತ್ತಾ ಹೋಗಿ. ಯಾವ ಬಿಂದುವಿನಲ್ಲಿ ನಿಂತರೂ ಪೆಟ್ಟಿಗೆ ಒಂದಲ್ಲ ಒಂದು ದಿನ ದಾಟಿ ಹೋಗುತ್ತದೆ, ಬೆಲೆ ಸೊನ್ನೆಯಾಗುತ್ತದೆ. ಆದರೆ ಚಿಕ್ಕ ಗಣವೊಂದನ್ನು ತೆಗೆದುಹಾಕಿ ಉಳಿದ ಕಡೆ ಏಕರೂಪವಾಗಿ ಸೊನ್ನೆಗೆ ಇಳಿಸಲು ಆಗುವುದಿಲ್ಲ. ಇದು ಎಲ್ಲ ಪುಸ್ತಕದಲ್ಲೂ ಇರುವ ಉದಾಹರಣೆ. ಅವಳು ಪುಸ್ತಕ ನೋಡದೆ ತಂದಳು ಎನ್ನುವುದಷ್ಟೇ ವಿಶೇಷ.

ಪತ್ರದಲ್ಲಿ ಪ್ರೊಫೆಸರ್ ಇದನ್ನೇ ಬರೆದರು. ಜೊತೆಗೆ, ಆ ವರ್ಷದ ಪಿಎಚ್‌ಡಿ ವಿದ್ಯಾರ್ಥಿಗಳ ನಡುವೆ ಇಟ್ಟು ನೋಡಿದರೂ ಇವಳು ಮೊದಲ ಎರಡು ಮೂರು ಜನರಲ್ಲಿ ನಿಲ್ಲುತ್ತಾಳೆ ಎಂದು. ಪತ್ರ ಗೋಪ್ಯ. ಸೀಟು ಖಾತ್ರಿಯಾದ ಮೇಲೆ ಅವರೇ ಬಾಯಿಮಾತಿಗೆ ಹೇಳಿದ್ದು ಇದು.

ಗ್ರಾಜುಯೇಟ್ ಕೋರ್ಸಿನ ಬೆಲೆ ಇರುವುದು ಇಲ್ಲಿ. ಪದವಿ ಕ್ಲಾಸಿನ ಮೇಷ್ಟ್ರು ನಿಮ್ಮನ್ನು ಪದವಿ ವಿದ್ಯಾರ್ಥಿಗಳ ಜೊತೆ ಮಾತ್ರ ಹೋಲಿಸಬಲ್ಲರು. ಪಿಎಚ್‌ಡಿಯವರ ಮಧ್ಯೆ ಕೂತರೆ ಹೋಲಿಕೆ ಪಿಎಚ್‌ಡಿಯವರ ಜೊತೆಗೇ ಆಗುತ್ತದೆ. ಅದೇ ಹೋಲಿಕೆ ಸಮಿತಿಗೆ ಬೇಕಿರುವುದು. ಗ್ರೇಡು ಈ ಕೆಲಸ ಮಾಡುವುದಿಲ್ಲ. ಅಮೆರಿಕದಲ್ಲೇ ಗ್ರಾಜುಯೇಟ್ ಕೋರ್ಸ್‌ಗಳಲ್ಲಿ ಎ ಕೊಡುವುದು ಮಾಮೂಲಿ, ಆದ್ದರಿಂದ ಬರೀ ಎ ನೋಡಿ ಅಲ್ಲಿ ಯಾರೂ ಬೆರಗಾಗುವುದಿಲ್ಲ. ಹೋಲಿಕೆ ಕೆಟ್ಟದಾಗಿ ಬರುವ ಅಪಾಯವೂ ಇದೇ ದಾರಿಯಲ್ಲಿದೆ, ಅದನ್ನು ಸೆಪ್ಟೆಂಬರ್‌ನಲ್ಲಿ ನೋಡಿದೆವು.

ಎಸ್‌ಒಪಿಯ (ಅರ್ಜಿಯ ಜೊತೆ ತನ್ನ ಓದು, ಉದ್ದೇಶದ ಬಗ್ಗೆ ಬರೆಯುವ ಬರಹ) ಬಗ್ಗೆ ಒಂದು ಮಾತು. ಅವಳ ಮೊದಲ ಕರಡಿನ ಮೊದಲ ಪ್ಯಾರಾದಲ್ಲೇ ಸ್ಕೀಮ್, ಶೀಫ್ ಕೋಹೋಮಾಲಜಿ, ಮಾಡ್ಯುಲೈ ಎಲ್ಲ ಇತ್ತು. ಹೊಡೆದುಹಾಕು ಅಂದೆ. ಸ್ವಲ್ಪ ಬೇಜಾರಾದಳು. ಕೊನೆಗೆ ಉಳಿದದ್ದು, ಕಮ್ಯುಟೇಟಿವ್ ಆಲ್ಜೀಬ್ರಾದಲ್ಲಿ ಏನು ಓದಿದೆ, ಯಾವ ಲೆಕ್ಕ ಎಷ್ಟು ದಿನ ಕಾಡಿತು, ಈಗ ಆಲ್ಜೀಬ್ರೈಕ್ ಜಿಯಾಮೆಟ್ರಿ ಕ್ಲಾಸಿಗೆ ಕ್ರೆಡಿಟ್ ಇಲ್ಲದೆ ಕೂರುತ್ತಿದ್ದೇನೆ, ಇಷ್ಟೇ. ಜೊತೆಗೆ ಓದಿದ ಎಲ್ಲ ಗಣಿತ ಕೋರ್ಸ್‌ಗಳಿಗೂ ಎರಡೆರಡು ಸಾಲಿನ ವಿವರ: ಯಾವ ಪುಸ್ತಕ, ಎಲ್ಲಿಯವರೆಗೆ. ಹಲವು ಕಡೆ ಇದನ್ನು ಕೇಳುತ್ತಾರೆ. 'ರಿಯಲ್ ಅನಾಲಿಸಿಸ್' ಎಂಬ ಹೆಸರಿನಲ್ಲಿ ಒಂದು ಕಡೆ ಸೀಕ್ವೆನ್ಸ್ ಸೀರೀಸ್ ಮಾತ್ರ ಇರುತ್ತದೆ, ಇನ್ನೊಂದು ಕಡೆ ಲೆಬೆಗ್ ಇಂಟಿಗ್ರಲ್ ಇರುತ್ತದೆ. ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ.

ಅಮೆರಿಕದ ಪಿಎಚ್‌ಡಿ ಪ್ರವೇಶಕ್ಕೆ ಬರೆಯುವ ಗಣಿತದ ಜಿಆರ್‌ಇ ಸಬ್ಜೆಕ್ಟ್ ಟೆಸ್ಟ್ ಕೂಡ ಬರೆದಳು. ಅದನ್ನು ಕೇಳದ ಅಥವಾ ಐಚ್ಛಿಕ ಮಾಡಿರುವ ವಿಭಾಗಗಳು ಈಗ ಬಹಳ ಇವೆ. ಅದರ 66 ಪ್ರಶ್ನೆಗಳಲ್ಲಿ ಅರ್ಧ ಕ್ಯಾಲ್ಕುಲಸ್, ಕಾಲು ಭಾಗ ಆಲ್ಜೀಬ್ರಾ. ಎತ್ತರದ ಕೋರ್ಸ್ ಅಲ್ಲಿ ಏನೂ ಸಹಾಯ ಮಾಡುವುದಿಲ್ಲ. ಪಿಯುಸಿ ಕಾಲದ ಇಂಟಿಗ್ರೇಷನ್ ಮರೆತಿದ್ದರೆ ಏಟು ಬೀಳುವುದೇ ಜಾಸ್ತಿ.

ಇಲ್ಲಿಯ ಒಂದು ಇಂಟರ್‌ವ್ಯೂ

ಅಮೆರಿಕವನ್ನೇ ನಂಬಿ ಕೂರಬಾರದೆಂದು ನಮ್ಮ ದೇಶದ್ದೇ ಒಂದು ಸಂಸ್ಥೆಯ ಪ್ರವೇಶ ಪರೀಕ್ಷೆಯನ್ನೂ ಬರೆದಿದ್ದಳು. ಪಾಸಾಗಿ ಇಂಟರ್‌ವ್ಯೂಗೆ ಕರೆ ಬಂತು. ಇಲ್ಲಿಯ ಪದ್ಧತಿ ಪೂರ್ತಿ ಬೇರೆ. ಟ್ರಾನ್ಸ್‌ಕ್ರಿಪ್ಟ್ ಬಹುಮಟ್ಟಿಗೆ ಅರ್ಹತೆಗೆ ಮಾತ್ರ. ಉಳಿದದ್ದೆಲ್ಲ ಬೋರ್ಡ್ ಮತ್ತು ಸೀಮೆಸುಣ್ಣ.

ಯಾವ ವಿಷಯದಲ್ಲಿ ಕೇಳೋಣ ಅಂದರು. ಆಲ್ಜೀಬ್ರಾ ಅಂದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಸ್ವಲ್ಪ ಆಲ್ಜೀಬ್ರೈಕ್ ಜಿಯಾಮೆಟ್ರಿನೂ ಓದಿದ್ದೇನೆ ಎಂದು ಸೇರಿಸಿದಳು.

ಮೊದಲ ಪ್ರಶ್ನೆ: ಪೂರ್ಣಾಂಕ ಗುಣಕಗಳ ಬಹುಪದಗಳ ರಿಂಗ್‌ನಲ್ಲಿ, ಎರಡು ಮತ್ತು ಎಕ್ಸ್ ಸೇರಿ ಹುಟ್ಟಿಸುವ ಐಡಿಯಲ್ ಒಂದೇ ಅಂಶದಿಂದ ಹುಟ್ಟಬಹುದಾ? ಆಗದು ಎಂದು ತೋರಿಸಿದಳು. ಎರಡನೆಯದು: ಹಿಲ್ಬರ್ಟ್‌ನ ನುಲ್‌ಸ್ಟೆಲೆನ್‌ಸಾಟ್ಸ್ (ಬಹುಪದಗಳ ಶೂನ್ಯಗಳ ಪ್ರಮೇಯ) ಹೇಳು. ಹೇಳಿದಳು. ವಾಸ್ತವ ಸಂಖ್ಯೆಗಳ ಮೇಲೆ ಅದು ಯಾಕೆ ಸೋಲುತ್ತದೆ, ಉದಾಹರಣೆ ಕೊಡು. ಉತ್ತರ ಎಕ್ಸ್ ವರ್ಗ ಪ್ಲಸ್ ಒಂದು. ಅದು ಹುಟ್ಟಿಸುವ ಐಡಿಯಲ್‌ನಲ್ಲಿ ಒಂದು ಎಂಬ ಸಂಖ್ಯೆ ಇಲ್ಲ, ಆದರೂ ವಾಸ್ತವ ಸಂಖ್ಯೆಗಳಲ್ಲಿ ಅದಕ್ಕೆ ಶೂನ್ಯವೂ ಇಲ್ಲ. ಹತ್ತನೇ ಕ್ಲಾಸಿನ ಸಮೀಕರಣ. ಆಗಸ್ಟ್‌ನಲ್ಲಿ ಕೇಳಿದ್ದರೆ ಹೊಳೆಯುತ್ತಿರಲಿಲ್ಲ ಅಂತ ಅವಳೇ ಹೇಳುತ್ತಾಳೆ. ರೀಡಿಂಗ್ ಕೋರ್ಸಿನಲ್ಲಿ ಇದೇ ಲೆಕ್ಕ ಮಾಡಿದ್ದಳು.

ಆಮೇಲೆ ಅನಾಲಿಸಿಸ್‌ಗೆ ಹೊರಳಿದರು. ಎಕ್ಸ್ ವರ್ಗ ಇಡೀ ರೇಖೆಯ ಮೇಲೆ ಯೂನಿಫಾರ್ಮ್ಲಿ ಕಂಟಿನ್ಯುಯಸ್ಸಾ? ಅಲ್ಲ ಎಂದು ತಕ್ಷಣ ತೋರಿಸಿದಳು. ಕಾಂಪ್ಲೆಕ್ಸ್‌ನಲ್ಲಿ ಮ್ಯಾಕ್ಸಿಮಮ್ ಮಾಡ್ಯುಲಸ್ ತತ್ವದಿಂದ ಶ್ವಾರ್ಟ್ಸ್ ಲೆಮ್ಮಾ ಸಾಧಿಸು ಅಂದಾಗ ಸಿಕ್ಕಿಬಿದ್ದಳು. ಫಂಕ್ಷನ್ನನ್ನು ಝಡ್‌ನಿಂದ ಭಾಗಿಸಿ ಹೊಸ ಫಂಕ್ಷನ್ ಮಾಡಿಕೊಳ್ಳಬೇಕು ಎಂಬಲ್ಲಿವರೆಗೆ ಬಂದು ಮುಂದೆ ಹೋಗಲಿಲ್ಲ. ನಾಲ್ಕನೇ ಸೆಮಿಸ್ಟರ್‌ನ ಆ ಏಳು ಅಲ್ಲಿ ಎದ್ದು ಬಂತು. ಆ ಸಂಸ್ಥೆಯಲ್ಲಿ ಸೀಟು ಸಿಗಲಿಲ್ಲ.

ಫಲಿತಾಂಶ

ಒಂಬತ್ತು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದಳು. ಒಂದೊಂದಕ್ಕೂ ಶುಲ್ಕ ಸುಮಾರು 75ರಿಂದ 125 ಡಾಲರ್. ಅಪ್ಪನ ಕ್ರೆಡಿಟ್ ಕಾರ್ಡ್ ಡಿಸೆಂಬರ್‌ನಲ್ಲಿ ಉಸಿರುಗಟ್ಟಿತ್ತು. ಫೆಬ್ರವರಿಯಲ್ಲಿ ಒಂದು ಕಡೆ ಅಡ್ಮಿಟ್ ಆಯಿತು. ಎರಡು ಕಡೆ ವೇಯ್ಟಿಂಗ್ ಲಿಸ್ಟ್. ಆರು ರಿಜೆಕ್ಟ್.

ಹಣಕಾಸು ನೆರವಿನ ಆಫರ್‌ಗೆ ಉತ್ತರ ಹೇಳಲು ಅಮೆರಿಕದ ಬಹುಪಾಲು ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿರುವ ಗಡುವು ಏಪ್ರಿಲ್ 15. ಎರಡು ಮೂರು ಆಫರ್ ಹಿಡಿದು ಕೂತವರು ಆ ವಾರದಲ್ಲಿ ಬೇಡದ್ದನ್ನು ಬಿಡುತ್ತಾರೆ, ವೇಯ್ಟಿಂಗ್ ಲಿಸ್ಟ್ ಅಲುಗಾಡುವುದು ಆಗಲೇ. ಇವಳಿಗೂ ಗಡುವಿಗೆ ಮೂರು ದಿನ ಮೊದಲು ಎರಡನೇ ಆಫರ್ ಬಂತು. ಆಲ್ಜೀಬ್ರಾ ಮಾಡುವವರು ಹೆಚ್ಚಿದ್ದ ಕಾರಣ ಅದನ್ನೇ ಆರಿಸಿಕೊಂಡಳು. ಟೀಚಿಂಗ್ ಅಸಿಸ್ಟೆಂಟ್ ಕೆಲಸ, ಅದರಿಂದ ಫೀಸು ಮಾಫಿ ಮತ್ತು ಸ್ಟೈಪೆಂಡ್.

ಅಪ್ಪನಿಗೆ ಒಂದು ಕೊರಗು ಉಳಿದಿತ್ತು. ಆ ಆಲ್ಜೀಬ್ರೈಕ್ ಜಿಯಾಮೆಟ್ರಿ ಬಿಡದೇ ಇದ್ದಿದ್ದರೆ ಆ ಆರರಲ್ಲಿ ಒಂದಾದರೂ ಸಿಗುತ್ತಿತ್ತೇನೋ ಅಂತ. ನನಗೆ ಹಾಗನ್ನಿಸುವುದಿಲ್ಲ. ಅದರಲ್ಲಿ ಹತ್ತಕ್ಕೆ ಹತ್ತು ಬಂದಿದ್ದರೂ ಅರ್ಜಿ ಹೋದ ಮೇಲೆಯೇ ಬರುತ್ತಿತ್ತು. ಬಿಟ್ಟ ಎರಡನೇ ಕಾಂಪ್ಲೆಕ್ಸ್ ಅನಾಲಿಸಿಸ್ ಬಗ್ಗೆ ಕೊರಗಿದ್ದರೆ ಒಪ್ಪುತ್ತಿದ್ದೆ. ಅದರ ಗ್ರೇಡೂ ಅಮೆರಿಕದವರಿಗೆ ಕಾಣುತ್ತಿರಲಿಲ್ಲ, ನಿಜ. ಇಲ್ಲಿಯ ಇಂಟರ್‌ವ್ಯೂ ಬೋರ್ಡಿನ ಮುಂದೆ ಕಾಣುತ್ತಿತ್ತು.

2024ರ ಆಗಸ್ಟ್‌ನಲ್ಲಿ, ಕ್ಲಾಸ್ ಶುರುವಾಗುವ ಮೊದಲೇ, ಹೊಸಬರಿಗೂ ಕ್ವಾಲ್ ಬರೆಯಲು ಅವಕಾಶ ಇತ್ತು. ಫೇಲಾದರೆ ಲೆಕ್ಕಕ್ಕಿಲ್ಲ. ಆಲ್ಜೀಬ್ರಾ ಅಲ್ಲೇ ಪಾಸಾದಳು. ರಿಯಲ್ ಅನಾಲಿಸಿಸ್ ಕೂಡ. ಕಾಂಪ್ಲೆಕ್ಸ್ ಆಗಲಿಲ್ಲ, ಕೋರ್ಸಿಗೆ ಕೂತು ಜನವರಿಯಲ್ಲಿ ಮುಗಿಸಿದಳು. ಪದವಿಯಲ್ಲೇ ಓದಿಕೊಂಡು ಹೋದರೆ ಪಿಎಚ್‌ಡಿ ಒಂದು ವರ್ಷ ಕಡಿಮೆಯಾಗುತ್ತದೆ ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಅದು ಅಷ್ಟು ಸುಲಭವಾಗಿ ಆಗುವುದಿಲ್ಲ. ಗೈಡ್ ಜೊತೆ ಮಾತು ಬೇಗ ಶುರುವಾಗುತ್ತದೆ, ಅಷ್ಟು ಲಾಭ.

ಯುರೋಪಿನ ಲೆಕ್ಕ ಬೇರೆ. ಜರ್ಮನಿಯಂಥ ಕಡೆ ಸಾಮಾನ್ಯವಾಗಿ ಮಾಸ್ಟರ್ಸ್ ಆದ ಮೇಲೆಯೇ ಪಿಎಚ್‌ಡಿ, ಆದ್ದರಿಂದ ಇದೇ ಕೋರ್ಸ್‌ಗಳು ಅಲ್ಲಿ ಹೆಚ್ಚುಗಾರಿಕೆಯಲ್ಲ, ಇರಲೇಬೇಕಾದದ್ದು.

ಮೂರು ವರ್ಷದ ಬಿ.ಎಸ್ಸಿ.ಯವರಿಗೆ

ಈ ಪ್ರಕರಣ ಕೇಳಿದ ನನ್ನ ವಿದ್ಯಾರ್ಥಿಗಳು ಮೊದಲು ಕೇಳುವುದೇ ಇದು: ಸರ್, ನಮಗೆ ಕೋರ್ಸ್ ಆರಿಸಿಕೊಳ್ಳೋ ಅವಕಾಶವೇ ಇಲ್ವಲ್ಲ? ನಿಜ. ಸಂಯೋಜಿತ ಕಾಲೇಜಿನಲ್ಲಿ ವಿಶ್ವವಿದ್ಯಾಲಯ ಕೊಟ್ಟ ಸಿಲೆಬಸ್ಸೇ ಅಂತಿಮ. ಮೆಷರ್ ಥಿಯರಿ ಬೇಕೆಂದರೆ ಎಂ.ಎಸ್ಸಿ.ವರೆಗೆ ಕಾಯಬೇಕು. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕನೇ ವರ್ಷದ ಆನರ್ಸ್ ಬಂತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದೆವು. ಮೂರು ವರ್ಷದವರು ನೇರವಾಗಿ ಅಮೆರಿಕಕ್ಕೆ ಅರ್ಜಿ ಹಾಕುವುದಾದರೆ ಐದನೇ ಸೆಮಿಸ್ಟರ್‌ನಲ್ಲೇ ಹಾಕಬೇಕು. ಆಗ ಕೈಯಲ್ಲಿರುವುದು ನಾಲ್ಕು ಸೆಮಿಸ್ಟರ್‌ನ ಅಂಕ ಮಾತ್ರ. ಮೂರು ವರ್ಷದ ಪದವಿಯನ್ನು ಒಪ್ಪದ ವಿಶ್ವವಿದ್ಯಾಲಯಗಳೂ ಇವೆ.

ಅಂಥವರಿಗೆ ನಾನು ಹೇಳುವುದು ಹೀಗೆ. ಎರಡನೇ ವರ್ಷದ ಹೊತ್ತಿಗೇ ಎಂಟಿಟಿಎಸ್ (ಗಣಿತ ತರಬೇತಿ ಮತ್ತು ಪ್ರತಿಭಾನ್ವೇಷಣೆ) ಬೇಸಿಗೆ ಶಿಬಿರಕ್ಕೆ ಅರ್ಜಿ ಹಾಕಿ. 1993ರಿಂದ ನಡೆಯುತ್ತಿದೆ, ಪ್ರೊಫೆಸರ್ ಎಸ್. ಕುಮರೇಶನ್ ಶುರು ಮಾಡಿದ್ದು. ಅಲ್ಲಿ ಪಾಠಕ್ಕಿಂತ ಪ್ರಶ್ನೆ ಜಾಸ್ತಿ. ವಾರಗಟ್ಟಲೆ ನಿಮ್ಮನ್ನು ಬೋರ್ಡಿನ ಮುಂದೆ ನೋಡಿದವರು ಆಮೇಲೆ ಪತ್ರ ಬರೆಯಬಲ್ಲರು. ಎನ್‌ಪಿಟಿಇಎಲ್‌ನ (ಐಐಟಿಗಳ ಆನ್‌ಲೈನ್ ಪಾಠ) ಕೋರ್ಸ್ ಮಾಡಿ, ಕಲಿಯುವುದಕ್ಕೆ ಒಳ್ಳೆಯದು, ಆದರೆ ಸರ್ಟಿಫಿಕೇಟಿನಿಂದ ಸೀಟು ಸಿಗುತ್ತದೆ ಎಂದುಕೊಳ್ಳಬೇಡಿ. ಜ್ಯಾಮ್ (ಐಐಟಿಗಳ ಎಂ.ಎಸ್ಸಿ. ಪ್ರವೇಶ ಪರೀಕ್ಷೆ) ಬರೆದು ಒಳ್ಳೆಯ ಎಂ.ಎಸ್ಸಿ.ಗೆ ಅಥವಾ ಎಂ.ಎಸ್ಸಿ.ಯೂ ಸೇರಿರುವ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಸೇರಿ. ಎಂ.ಎಸ್ಸಿ. ಆದ ಮೇಲೆ ಇಟಲಿಯ ಟ್ರಿಯೆಸ್ಟ್‌ನಲ್ಲಿರುವ ಐಸಿಟಿಪಿಯ (ಸೈದ್ಧಾಂತಿಕ ಭೌತಶಾಸ್ತ್ರದ ಅಂತರರಾಷ್ಟ್ರೀಯ ಕೇಂದ್ರ, ಗಣಿತವೂ ಇದೆ) ಒಂದು ವರ್ಷದ ಡಿಪ್ಲೊಮಾ ಕೂಡ ನೋಡಿ. ನಮ್ಮಂಥ ದೇಶಗಳ ವಿದ್ಯಾರ್ಥಿಗಳಿಗೆಂದೇ ಇರುವುದು ಅದು, ಆಯ್ಕೆಯಾದರೆ ಖರ್ಚು ಅವರದೇ.